ಗಡಿ ದಾಟಿದ ಕೋಳಿ

ಏಳನೆಯ ಕೋಳಿಯ ಮೇವಿನ ಚೀಲ ಸೀಳಿದಾಗಲೂ ಡಾಕ್ಟರ್ ಉಚ್ಚಂಗಪ್ಪನವರಿಗೆ ಸಿಕ್ಕಿದ್ದು ಬರೀ ಭತ್ತ.

"ಮೂಸಿ ನೋಡಿ," ಎಂದು ಅಂಗೈಯನ್ನು ಸಬ್ ಇನ್‌ಸ್ಪೆಕ್ಟರ್ ಚಂದ್ರಶೇಖರಪ್ಪನವರ ಮೂಗಿನ ಹತ್ತಿರ ಹಿಡಿದರು.

"ನಂಬ್ತೀನಿ ಬಿಡ್ರಿ," ಎಂದು ಚಂದ್ರಶೇಖರಪ್ಪ ಕರವಸ್ತ್ರ ಮುಚ್ಚಿಕೊಂಡು ಹಿಂದೆ ಸರಿದರು. ಎರಡು ಕೊಲೆ ಕೇಸು ಕಂಡ ಮನುಷ್ಯ, ಕೋಳಿಯ ಹೊಟ್ಟೆಗೆ ಹೇಸುತ್ತಿದ್ದರು.

ಕಾಳು ಕಾಳಾಗಿಯೇ ಇತ್ತು. ಬಣ್ಣ ತಿರುಗಿರಲಿಲ್ಲ, ಕೆಟ್ಟ ವಾಸನೆ ಇರಲಿಲ್ಲ. ಕೋಳಿ ಹೊಟ್ಟೆತುಂಬ ತಿಂದು, ತಿಂದದ್ದು ಅರಗುವ ಮೊದಲೇ ಸತ್ತಿತ್ತು. ಜುಟ್ಟು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಬಲ ರೆಕ್ಕೆಯ ಅಡಿಯಲ್ಲಿ ಕಡಲೆಕಾಳಿನಷ್ಟು ಕಪ್ಪು ಗುರುತಿತ್ತು. ಏಳು ಕೋಳಿಗೂ ಆ ಗುರುತಿದ್ದುದರಿಂದ ಅದೂ ರೋಗದ್ದೇ ಲಕ್ಷಣ ಎಂದುಕೊಂಡು ಡಾಕ್ಟರು ತಮ್ಮ ನೀಲಿ ರಟ್ಟಿನ ಡೈರಿಯಲ್ಲಿ ಬರೆದಿಟ್ಟರು.

ಬಂದಳಿಕೆಯ ಮುನ್ನೂರು ಕೋಳಿಗಳು ಬುಧವಾರ ಒಂದೇ ಬೆಳಗ್ಗೆ ಸತ್ತು ಬಿದ್ದಿದ್ದವು. ವಿಷ ಹಾಕಿದನೆಂದು ಶಿಕಾರಿಪುರದ ಕೋಳಿ ವ್ಯಾಪಾರಿ ರಜಾಕ್‌ನನ್ನು ಜನ ಅದೇ ಸಂಜೆ ಹಿಡಿದು ಪೊಲೀಸರಿಗೆ ಕೊಟ್ಟಿದ್ದರು. ಇವತ್ತು ಗುರುವಾರ. ಸಂಜೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಅವನ ತಾಯಿ ಹಾಜಿರಾ ಬೀ ಬೆಳಗಿನ ಮೊದಲ ಬಸ್ಸಿಗೇ ಬಂದು ಪೊಲೀಸ್ ಜೀಪಿನ ನೆರಳಿನಲ್ಲಿ ಕೂತಿದ್ದಳು. ಮಗ ಲಾಕಪ್ಪಿನಲ್ಲಿ ಮುಟ್ಟದೆ ವಾಪಸ್ಸು ಕಳಿಸಿದ ಊಟದ ಡಬ್ಬಿ ಮಡಿಲಲ್ಲಿತ್ತು. ಸ್ವಲ್ಪ ದೂರದಲ್ಲಿ, ಸತ್ತ ಕೋಳಿಗಳನ್ನು ಹೊಂಡಕ್ಕೆ ಹಾಕಿ ಸುಡುತ್ತಿದ್ದರು. ಗಾಳಿ ತಿರುಗಿದಾಗಲೆಲ್ಲ ಅವಳು ಸೆರಗನ್ನು ಡಬ್ಬಿಯ ಮೇಲೆ ಎಳೆಯುತ್ತಿದ್ದಳು.

"ವಿಷ ಅಲ್ಲ ಅಂತ ಬರಕೊಡ್ತೀರಾ?" ಚಂದ್ರಶೇಖರಪ್ಪ ಕೇಳಿದರು.

"ಬರಕೊಡ್ತೀನಿ."

"ಹಂಗಾದ್ರೆ ಅವನ ಚೀಲದಾಗೆ ಸಿಕ್ಕ ಹಳದಿ ಪುಡಿ?"

"ಗಂಧಕ. ಕೋಳಿಗೆ ಹೇನಾದ್ರೆ ಹಚ್ಚೋದು. ಅವನಿಗೆ ಹೇಳಿಕೊಟ್ಟವನೇ ನಾನು."

ಚಂದ್ರಶೇಖರಪ್ಪ ಬಂಡೆಯ ಮೇಲೆ ಕೂತರು. ಡಾಕ್ಟರೆಂದರೆ ಅವರಿಗೆ ಅಪಾರ ಗೌರವ. ಉಚ್ಚಂಗಪ್ಪನವರು ರಿಟೈರಾಗಿ ಸೊರಬದಲ್ಲಿ ಮನೆ ಮಾಡಿ ಎರಡು ವರ್ಷವಾಗಿತ್ತು. ಆದರೂ ಎರಡು ತಾಲ್ಲೂಕಿನ ಜನ ಅವರನ್ನು ಸುಮ್ಮನೆ ಕೂರಲು ಬಿಟ್ಟಿರಲಿಲ್ಲ, ಅವರಿಗೂ ಸುಮ್ಮನೆ ಕೂರುವ ಮನಸ್ಸಿರಲಿಲ್ಲ. ಹಾಗಿದ್ದರೂ ಗೌರವ ಬೇರೆ, ಕೇಸು ಬೇರೆ.

"ನನ್ನ ಲೆಕ್ಕ ಕೇಳ್ರಿ," ಎಂದರು ಚಂದ್ರಶೇಖರಪ್ಪ. "ಸಂಕ್ರಾಂತಿ ಟೈಮಿಗೆ ಜಡೆಯೊಳಗೆ ನಲವತ್ತಕ್ಕೆ ಆರು ಸತ್ವು. ಉಳಿದವು ನಾಲ್ಕು ದಿನ ಮೂಗು ಸೋರಿಸ್ಕೊಂಡು ಸರಿಹೋದ್ವು. ಆಮೇಲೆ ಕುಬಟೂರು, ಅಲ್ಲಿ ಅರ್ಧಕ್ಕರ್ಧ. ಈಗ ಇಲ್ಲಿ, ಬಿದ್ದಲ್ಲೇ ಎಲ್ಲಾ. ಒಬ್ಬ ಮನುಷ್ಯ ಮಾಡ್ತಾ ಮಾಡ್ತಾ ಕೈ ಪಳಗಿಸ್ಕೊಂಡಾನೆ ಅನ್ನಿಸಲ್ವಾ?"

"ಪಳಗಿದ್ದು ನಿಜ. ಆದ್ರೆ ಮನುಷ್ಯನ ಕೈ ಅಲ್ಲ."

ಡಾಕ್ಟರು ಜೇಬಿನಿಂದ ಒಂದು ಕಾಗದ ತೆಗೆದರು. ನಿನ್ನೆ ಬೆಂಗಳೂರು ಬಸ್ಸಿನ ಕಂಡಕ್ಟರು ಕೈಯಾರೆ ತಂದುಕೊಟ್ಟದ್ದು. ಬರೆದವನು ಅವರ ಸಹಪಾಠಿ ಗೋಪಾಲಪ್ಪ, ಅಲ್ಲಿಯ ಒಂದು ಪ್ರಯೋಗಾಲಯದಲ್ಲಿದ್ದವನು. ಜಡೆ, ಕುಬಟೂರುಗಳ ಸತ್ತ ಕೋಳಿಯ ಶ್ವಾಸನಾಳದ ತುಂಡುಗಳನ್ನು ಡಾಕ್ಟರು ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿ ಅವನಿಗೆ ಕಳಿಸಿದ್ದರು.

"ನಾನು ಇಷ್ಟು ದಿನ ಇದನ್ನ ಕೋಳಿಗಳಿಗೆ ಬರೋ ಮಾಮೂಲಿ ಕೊಕ್ಕರೆ ರೋಗ ಅಂತಿದ್ದೆ. ನನ್ನ ಅಂದಾಜು ತಪ್ಪು. ಕೊಕ್ಕರೆ ರೋಗವನ್ನ ತಡೆಯೋ ಸೀರಮ್ಮಿಗೆ ಇದು ಜಗ್ಗಲಿಲ್ಲವಂತೆ. ಇದು ಹಕ್ಕಿಗಳಿಗೆ ಬರೋ ಒಂದು ಜಾತಿ ಇನ್‌ಫ್ಲುಯೆಂಜಾ ಇರಬಹುದು, ಇನ್ನೊಮ್ಮೆ ಪರೀಕ್ಷೆ ಆಗೋವರೆಗೂ ಊಹೆ ಅಂತ ಇಟ್ಕೋ ಅಂದಿದಾನೆ. ಇದಕ್ಕಿಂತ ವಿಚಿತ್ರ ಮುಂದಿದೆ. ಎರಡೂ ಊರಿನ ವೈರಸ್ಸನ್ನ ಮೊಟ್ಟೆಯೊಳಗೆ ಬೆಳೆಸಿ ನೋಡಿದಾನೆ. ಎರಡೂ ಒಂದೇ ಕುಲ. ಆದ್ರೆ ಜಡೆಯದು ಹಾಕಿದ ಮೊಟ್ಟೆಯ ಪಿಳ್ಳೆ ನಾಲ್ಕು ದಿನ ಬದುಕಿತ್ತು. ಕುಬಟೂರಿನದು ಹಾಕಿದ್ದು ಒಂದೇ ದಿನಕ್ಕೆ ಸತ್ತಿತು."

"ಅಂದ್ರೆ?"

"ನಿಮ್ಮ ತಂದೆ ಶಾನುಭೋಗರ ಹತ್ರ ಬರೀತಿದ್ರಲ್ಲ. ಪಹಣಿ ನಕಲು ಮಾಡೋವಾಗ ತಪ್ಪು ಬೀಳ್ತಿರಲಿಲ್ವಾ?"

"ಬೀಳದೆ ಏನ್ರಿ? ಕೈಬರಹ. ಎಂಟು ಗುಂಟೆ ಇದ್ದದ್ದು ಹದಿನೆಂಟಾಗೋದು."

"ಎಂಟು ಹದಿನೆಂಟಾದ ನಕಲನ್ನ ಜೋಪಾನ ಮಾಡ್ತಿದ್ದವ್ರು ಯಾರು?"

ಚಂದ್ರಶೇಖರಪ್ಪನವರಿಗೆ ನಗು ಬಂತು. "ಹೊಲದ ಯಜಮಾನ. ಪೆಟ್ಟಿಗೆ ತಳದಾಗಿಟ್ಟು, ಮುಂದಿನ ನಕಲಿಗೆ ಅದನ್ನೇ ತರೋನು."

"ಇದೂ ಅಷ್ಟೇ. ಒಂದು ಕೋಳಿಯೊಳಗೆ ಇದು ತನ್ನ ನಕಲನ್ನ ಕೋಟಿಗಟ್ಟಲೆ ಮಾಡತ್ತೆ. ಅಷ್ಟರಲ್ಲಿ ತಪ್ಪು ಬಿದ್ದೇ ಬೀಳತ್ತೆ. ಎಷ್ಟೋ ತಪ್ಪು ಪ್ರಯೋಜನಕ್ಕೆ ಬಾರದವು, ಅಲ್ಲೇ ಮುಗೀತವೆ. ಎಲ್ಲೋ ಒಂದು ತಪ್ಪಿನಿಂದ ಅದಕ್ಕೆ ಲಾಭ ಆಗತ್ತೆ, ಹೆಚ್ಚು ನಕಲು ಮಾಡೋ ಶಕ್ತಿ ಬರತ್ತೆ. ಮುಂದಿನ ಕೋಳಿಗೆ ದಾಟೋದು ಅದೇ. ಚಳಿಗಾಲಕ್ಕೆ ಜಡೆ ಕೆರೆಗೆ ಬರೋ ಕಾಡುಬಾತಿನ ಹೊಟ್ಟೆಯೊಳಗೆ ಇದು ಸುಮ್ಮನೆ ಇದ್ದಿರಬಹುದು. ಊರಿಂದ ಊರಿಗೆ ನಕಲಾಗಿ ಆಗಿ ಹಿಂಗಾಗಿದೆ. ಇದಕ್ಕೆ ದ್ವೇಷ ಇಲ್ಲ, ಬುದ್ಧಿನೂ ಇಲ್ಲ ಚಂದ್ರಶೇಖರಪ್ಪ. ನಾವು ಅದನ್ನ ಕೊಲೆಗಾರ ಅನ್ನೋಕೂ ಬರಲ್ಲ."

"ಅದನ್ನ ಲಾಕಪ್ಪಿಗೂ ಹಾಕಕ್ಕೆ ಬರಲ್ಲ. ಮ್ಯಾಜಿಸ್ಟ್ರೇಟರಿಗೆ ನಾನೇನು ಹೇಳ್ಲಿ?"

"ನನ್ನನ್ನ ನಿದ್ದೆಗೆಡಿಸಿದ್ದು ಬೇರೆ ಪ್ರಶ್ನೆ." ಡಾಕ್ಟರು ಕೈ ತೊಳೆದುಕೊಂಡರು. "ಇಷ್ಟು ಬೇಗ ಕೊಲ್ಲೋ ರೋಗ ಊರೊಳಗೇ ಮುಗಿದುಹೋಗಬೇಕಿತ್ತು. ಕೋಳಿ ಸತ್ರೆ ಅದರ ಜೊತೆ ಇದೂ ಸಾಯತ್ತೆ. ಸತ್ತ ಕೋಳಿ ಪಕ್ಕದೂರಿಗೆ ನಡ್ಕೊಂಡು ಹೋಗಲ್ಲ. ಆದ್ರೂ ದಾಟಿದೆ, ದಾಟ್ತಾ ದಾಟ್ತಾ ಇನ್ನೂ ಜೋರಾಗಿದೆ. ಅಂದ್ರೆ ಯಾರೋ ಹೊತ್ಕೊಂಡು ಹೋಗಿದಾರೆ."

"ಅದನ್ನೇ ನಾನೂ ಹೇಳ್ತಿರೋದು. ರಜಾಕ್."

"ರಜಾಕ್‌ನ ಸೈಕಲ್ಲು ಶಿಕಾರಿಪುರದಿಂದ ಹೊರಟು ಮೊದಲು ಬರೋದು ಬಂದಳಿಕೆಗೆ, ಆಮೇಲೆ ಕುಬಟೂರು, ಕೊನೆಗೆ ಜಡೆ. ಬುಟ್ಟಿ ತುಂಬಿದ ಮೇಲೆ ಯಾವ ಊರಿಗೂ ಇಳಿಯಲ್ಲ, ಬಸ್ಸಿನ ಮೇಲೆ ಹಾಕ್ಕೊಂಡು ಸೀದಾ ಮನೆಗೆ. ರೋಗ ಬಂದಿರೋದು ಉಲ್ಟಾ."

ಹಾಜಿರಾ ಬೀ ತಲೆಯೆತ್ತಿ ನೋಡಿದಳು.

ಡಾಕ್ಟರಿಗೆ ಒಂದು ಸಣ್ಣ ದೌರ್ಬಲ್ಯವಿತ್ತು. ಒಗಟು ಬಿಡಿಸುವಾಗ ನೋಡುವವರಿರಬೇಕು. ಅದಕ್ಕೇ ಅವರು ಕುಬಟೂರಿನ ಲೋಕಪ್ಪನನ್ನೂ ಬೆಳಗ್ಗೆಯೇ ಇಲ್ಲಿಗೆ ಕರೆಸಿಕೊಂಡಿದ್ದರು. ಲೋಕಪ್ಪ ತನ್ನೂರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ, ರಜಾಕ್‌ನನ್ನು ಹಿಡಿದುಕೊಟ್ಟವರಲ್ಲಿ ಮೊದಲಿಗ. ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಳ್ಳುತ್ತ ಅವನು ಹತ್ತಿರ ಬಂದ. ಬಂದಳಿಕೆಯ ನಾಲ್ಕೈದು ಜನ ಅವನ ಹಿಂದೆ ನಿಂತರು.

ಡಾಕ್ಟರು ಚೀಲದಿಂದ ಮೂರು ದಾರಗಳನ್ನು ತೆಗೆದು ಬಂಡೆಯ ಮೇಲೆ ಸಾಲಾಗಿ ಇಟ್ಟರು. ಅರಿಶಿನದಲ್ಲಿ ಅದ್ದಿದ ದಾರ, ತುದಿಗೊಂದು ಕೆಂಪು ಬಟ್ಟೆಯ ಚೂರು.

"ಜಡೆಯ ಗಡಿಯಲ್ಲಿ ಒಂದು. ಕುಬಟೂರಿನ ಆ ಕಡೆ ಗಡಿಯಲ್ಲಿ ಒಂದು, ಈ ಕಡೆ ಗಡಿಯಲ್ಲಿ ಒಂದು. ಪಕ್ಕದಲ್ಲಿ ಹಳೇ ಮೊರ, ಒಡೆದ ಬಳೆ, ಬೇವಿನ ಸೊಪ್ಪು. ಏನಿದು ಲೋಕಪ್ಪ?"

"ನಂಗೇನು ಗೊತ್ತು ಡಾಕ್ಟ್ರೇ? ಹೆಂಗಸರು ಏನೋ ಹಾಕಿರ್ತಾರೆ."

"ಕೋಳಿ ಕಾಲಿಗೆ ಕಟ್ಟಿದ ದಾರ. ಗಂಟಿನಲ್ಲಿ ಪುಕ್ಕ ಇನ್ನೂ ಇದೆ."

ಲೋಕಪ್ಪ ಟವಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

"ಊರಲ್ಲಿ ಸಾವು ಶುರುವಾಯ್ತು. ಮಾರಿ ಬಂದಳು ಅಂದ್ಕೊಂಡ್ರಿ. ಒಂದು ಕೋಳಿಗೆ ಪೂಜೆ ಮಾಡಿ, ಮಾರಿಯನ್ನ ಅದರ ಮೇಲೆ ಕೂರಿಸಿ, ಜೀವಂತ ಗಡಿ ದಾಟಿಸಿ ಬಿಟ್ಟು ಬಂದ್ರಿ. ಆರಿಸಿಕೊಳ್ಳೋದು ಯಾವ ಕೋಳಿ? ಆಗಲೇ ತೂಕಡಿಸ್ತಿರೋದು, ಮಾರಿ ಮುಟ್ಟಿದ್ದು. ಆ ಕೋಳಿ ಪಕ್ಕದೂರಿನ ತಿಪ್ಪೆ ಸೇರಿತು. ಅವರೂ ಹಂಗೇ ಮಾಡಿದ್ರು. ರೋಗಕ್ಕೆ ಕಾಲಿಲ್ಲ ಲೋಕಪ್ಪ, ನೀವು ಹೊತ್ಕೊಂಡು ಹೋಗಿ ಬಿಟ್ರಿ."

"ಇಲ್ಲ," ಎಂದ ಲೋಕಪ್ಪ.

"ಇವತ್ತು ಸಂಜೆ ಒಬ್ಬ ಹುಡುಗ ಜೈಲಿಗೆ ಹೋಗ್ತಾನೆ. ಅವನ ತಾಯಿ ಅಲ್ಲಿ ಕೂತಿದಾಳೆ. ಅವಳ ಕಡೆ ನೋಡಿ ಇಲ್ಲ ಅನ್ನು."

ಲೋಕಪ್ಪ ಆ ಕಡೆ ನೋಡಲಿಲ್ಲ. ಬಂದಳಿಕೆಯವರ ಕಡೆ ಒಮ್ಮೆ ಕಣ್ಣು ಹಾಯಿಸಿದ. ಅವನ ಹೆದರಿಕೆ ಪೊಲೀಸರದ್ದಲ್ಲ. ಮಾರಿ ಕಳಿಸುವುದು ಕಣ್ಣು ತಪ್ಪಿಸಿ ಮಾಡುವ ಕೆಲಸ. ಯಾವ ಊರಿನಿಂದ ಬಂತೆಂದು ಗೊತ್ತಾದರೆ ಊರಿಗೂ ಊರಿಗೂ ದೊಣ್ಣೆ ಹಿಡಿದು ನಿಲ್ಲುವಂಥದ್ದು. ಅದಕ್ಕೇ ಮೂರು ಊರಿನವರಿಗೂ ಗೊತ್ತಿದ್ದ ವಿಷಯ ಒಂದೇ ಒಂದು ಹೇಳಿಕೆಯಲ್ಲೂ ಬಂದಿರಲಿಲ್ಲ.

"ಶುಕ್ರವಾರ ಸಂಜೆ," ಎಂದ ಕೊನೆಗೆ. "ಕಳಿಸಿದ್ವಿ. ನಮ್ಮೂರು ಉಳೀಬೇಕಿತ್ತಲ್ಲ ಡಾಕ್ಟ್ರೇ. ನಮಗೂ ಹಿಂದಿನೂರಿಂದ ಹಂಗೇ ಬಂದಿತ್ತು."

ಬಂದಳಿಕೆಯವರಲ್ಲಿ ಗುಜುಗುಜು ಎದ್ದಿತು. ಚಂದ್ರಶೇಖರಪ್ಪ ಪೆನ್ನಿನ ಕ್ಯಾಪು ತೆಗೆದು ಬರೆದುಕೊಳ್ಳತೊಡಗಿದರು. ಹಾಜಿರಾ ಬೀ ಎದ್ದು ನಿಂತಳು. ಡಾಕ್ಟರಿಗೆ ಬಹಳ ಸಂತೋಷವಾಯಿತು. ಅರವತ್ತರ ವಯಸ್ಸಿನಲ್ಲಿ ಒಬ್ಬ ನಿರಪರಾಧಿಯನ್ನು ಬಿಡಿಸಿದೆ ಎಂಬ ಸಂತೋಷ ಅದು, ಅದರಲ್ಲಿ ಜಂಬ ಸ್ವಲ್ಪ ಬೆರೆತಿತ್ತು ಎಂದರೆ ತಪ್ಪಿಲ್ಲ.

ಆಗಲೇ ಹೂವಮ್ಮ ಬಾಯಿ ಬಿಟ್ಟದ್ದು.

ಹೂವಮ್ಮನ ಮನೆ ಊರಿಂದ ಆಚೆ, ಹೊಲದ ನಡುವೆ, ಕುರಿಹಟ್ಟಿಯ ಪಕ್ಕದಲ್ಲಿತ್ತು. ಬಂದಳಿಕೆಯಲ್ಲಿ ಕೋಳಿಗಳು ಬದುಕಿ ಉಳಿದಿದ್ದ ಒಂದೇ ಮನೆ ಅದು. ಮನೆ ದೂರವಿದ್ದದ್ದಕ್ಕೆ ಬಚಾವಾದವು ಎಂದು ಡಾಕ್ಟರು ಬೆಳಗ್ಗೆ ಡೈರಿಯಲ್ಲಿ ಬರೆದುಕೊಂಡಿದ್ದರು.

"ಆ ಕೋಳಿ ನಮ್ಮೂರಿಗೆ ಬರ್ಲೇ ಇಲ್ರೀ," ಎಂದಳು ಅವಳು.

"ಏನಂದೆ?"

"ಶನಿವಾರ ಬೆಳಗ್ಗೆ ಕುರಿ ಹೊಡ್ಕೊಂಡು ಗಡಿ ಕಡೆ ಹೋಗಿದ್ದೆ. ಕಲ್ಲಿನ ಹತ್ರನೇ ಸತ್ತು ಬಿದ್ದಿತ್ತು, ಕಾಲಿನ ದಾರ ಬಿಚ್ಚಿ ಅಲ್ಲೇ ಬಿದ್ದಿತ್ತು. ಮುಟ್ಟಬಾರ್ದಲ್ಲ, ಕೋಲಿಂದ ಹಳ್ಳಕ್ಕೆ ತಳ್ಳಿ ಮಣ್ಣೆಳೆದೆ, ಮೇಲೆ ಮುಳ್ಳು ಹಾಕ್ದೆ. ಬೇಕಾದ್ರೆ ಬರ್ರಿ, ತೋರಿಸ್ತೀನಿ. ಮುಳ್ಳು ಇನ್ನೂ ಹಂಗೇ ಐತೆ."

ಡಾಕ್ಟರು ಕೂತಲ್ಲೇ ಲೆಕ್ಕ ಹಾಕಿದರು. ಜಡೆಯಿಂದ ಕುಬಟೂರಿಗೆ ಕೋಳಿ ತಂದಿತ್ತು, ಅದು ಸರಿ. ಕುಬಟೂರಿನಿಂದ ಇಲ್ಲಿಗೆ ಕೊಂಡಿ ಇರಲಿಲ್ಲ. ಕೇಸು ದಾಖಲಾಗಿದ್ದದ್ದು ಬಂದಳಿಕೆಯ ಕೋಳಿಗಳ ಮೇಲೆ.

"ಹಂಗಾದ್ರೆ ಇಲ್ಲಿಗೆ ತಂದವ್ರು ಯಾರು?" ಚಂದ್ರಶೇಖರಪ್ಪನವರ ಪೆನ್ನು ನಿಂತಿತು. "ರಜಾಕ್ ಮಂಗಳವಾರ ಬಂದಿದ್ನಲ್ಲ?"

"ಬಂದಿದ್ದ," ಎಂದಳು ಹೂವಮ್ಮ. "ಊರೊಳಗೆ ಹೋಗ್ಲಿಲ್ಲ. ನಮ್ಮನೆಗೆ ಬಂದು ಎರಡು ಹ್ಯಾಟೆ ತಗೊಂಡು, ನೀರು ಕುಡ್ದು, ಹಂಗೇ ಹೋದ. ಅವ್ನು ಕೈ ಹಾಕಿದ್ದು ನಮ್ಮ ಗೂಡಿಗೊಂದೇ. ನಮ್ಮವು ಬದುಕ್ಯಾವಲ್ರೀ."

"ಆ ವಾರ ಇನ್ಯಾರೂ ಬರಲಿಲ್ವಾ?" ಡಾಕ್ಟರೇ ಕೇಳಿದರು.

ಹೂವಮ್ಮ ಸಂಕೋಚದಿಂದ ಸೆರಗು ಎಳೆದುಕೊಂಡಳು.

"ನೀವು ಬಂದಿದ್ರಲ್ಲ. ಸೋಮವಾರ, ಸೂಜಿ ಹಾಕಾಕೆ. ನಮ್ಮವು ಮೊಟ್ಟೆ ನಿಲ್ಲಿಸ್ತಾವೆ ಅಂತ ನಾನು ಕುರಿ ರೊಪ್ಪದಾಗೆ ಬಚ್ಚಿಟ್ಟಿದ್ದೆ. ತಪ್ಪಾತು ಡಾಕ್ಟ್ರೇ, ನಿಮಗೆ ಸುಳ್ಳು ಹೇಳ್ದೆ."

ಡಾಕ್ಟರು ಬಂಡೆಯ ಮೇಲಿದ್ದ ಏಳನೆಯ ಕೋಳಿಯ ಬಲ ರೆಕ್ಕೆಯನ್ನು ಎತ್ತಿದರು. ಕಡಲೆಕಾಳಿನಷ್ಟು ಕಪ್ಪು ಗುರುತು. ಮೂವತ್ತು ವರ್ಷದಿಂದ ಅವರು ಕೊಕ್ಕರೆ ರೋಗದ ಲಸಿಕೆಯನ್ನು ಚುಚ್ಚುತ್ತಿದ್ದದ್ದು ಬಲ ರೆಕ್ಕೆಯ ಅಡಿಯಲ್ಲಿ, ಅದೇ ಜಾಗದಲ್ಲಿ.

ಡೈರಿ ತೆರೆದರು. ಅವರದೊಂದು ಪದ್ಧತಿಯಿತ್ತು. ಊರಿನ ಹೆಸರು, ಕೋಳಿಗಳ ಸಂಖ್ಯೆ, ಸೂಜಿ ಕುದಿಸಿದ ಮೇಲೆ ಅಂಚಿನಲ್ಲಿ ಒಂದು ಗೀಟು. ಸೋಮವಾರ ಬೆಳಗ್ಗೆ ಕುಬಟೂರು, ತೊಂಬತ್ತು ಕೋಳಿ. ಉಳಿದಿರುವುದನ್ನಾದರೂ ಉಳಿಸಿಕೊಡಿ ಎಂದು ಲೋಕಪ್ಪನೇ ಕರೆಸಿದ್ದ. ಮಧ್ಯಾಹ್ನ ಬಂದಳಿಕೆ, ಮುನ್ನೂರ ಎರಡು. ಅಂಚು ಖಾಲಿಯಿತ್ತು.

ನೆನಪಾಯಿತು. ನೀರಿಗೆ ಕಲಸಿದ ಲಸಿಕೆ ಎರಡು ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ. ಕುಬಟೂರಿನಲ್ಲಿ ಕಲಸಿದ್ದು ಮಿಕ್ಕಿತ್ತು, ಥರ್ಮಾಸಿನಲ್ಲಿ ಮಂಜುಗಡ್ಡೆ ಕರಗುತ್ತಿತ್ತು. ಒಲೆ ಹಚ್ಚಿ ಸೂಜಿ ಕುದಿಸುತ್ತ ಕೂತರೆ ಲಸಿಕೆ ಹಾಳಾಗುತ್ತದೆಂದು ಸೈಕಲ್ಲು ತುಳಿದು ಸೀದಾ ಇಲ್ಲಿಗೆ ಬಂದಿದ್ದರು. ಕುಬಟೂರಿನ ತೊಂಬತ್ತು ಕೋಳಿಗಳ ರಕ್ತ ಮುಟ್ಟಿದ ಸೂಜಿಯಿಂದಲೇ ಇಲ್ಲಿಯ ಮೊದಲ ಕೋಳಿಯಿಂದ ಕೊನೆಯದರವರೆಗೂ ಚುಚ್ಚಿದ್ದರು.

ಮಾರಿಯ ಕೋಳಿ ಒಂದು ಊರಿಗೆ ಒಂದೇ ಹೋಗುತ್ತಿತ್ತು, ದಾರಿಯಲ್ಲಿ ಸಾಯಲೂಬಹುದಿತ್ತು, ಸತ್ತೂ ಇತ್ತು. ರೋಗ ಅಷ್ಟು ಕ್ರೂರವಾದದ್ದೇ ಅದರ ಅಂತ್ಯವಾಗಬೇಕಿತ್ತು. ಕೋಳಿ ಸತ್ತರೂ ಮುಂದಕ್ಕೆ ಹೋಗುವ ದಾರಿಯನ್ನು ಅದಕ್ಕೆ ಮಾಡಿಕೊಟ್ಟದ್ದು ಅವರ ಸೂಜಿ. ಡಾಕ್ಟರಿಗೆ ನಾಚಿಕೆಯಾಯಿತು, ಆಮೇಲೆ ಭಯವಾಯಿತು. ಲೋಕಪ್ಪನ ಮುಂದೆ ದಾರಗಳನ್ನು ಸಾಲಾಗಿ ಇಟ್ಟಾಗ ತಾವು ಪಟ್ಟ ಖುಷಿ ನೆನಪಾಗಿ ಮೈ ಹಿಡಿಯಾಯಿತು.

ಅವರು ಡೈರಿಯನ್ನು ಬಂಡೆಯ ಮೇಲಿಟ್ಟು, ಹೂವಮ್ಮನ ಹಿಂದೆ ಹಳ್ಳದವರೆಗೆ ನಡೆದರು. ಮುಳ್ಳು ಹಾಗೆಯೇ ಇತ್ತು, ಕೋಲಿನಿಂದ ಸರಿಸಿದಾಗ ಮಣ್ಣಿನೊಳಗೆ ಪುಕ್ಕ ಕಂಡಿತು. ಅವರು ವಾಪಸ್ಸು ಬರುವ ಹೊತ್ತಿಗೆ ಚಂದ್ರಶೇಖರಪ್ಪ ಹೊಂಡದ ಬೆಂಕಿಯಲ್ಲಿ ಸಿಗರೇಟು ಹಚ್ಚಿಕೊಂಡು ಬಂದು ಮತ್ತೆ ಕೂತಿದ್ದರು.

"ಬರ್ಕೊಳ್ಳಿ," ಎಂದರು ಡಾಕ್ಟರು. "ಬಂದಳಿಕೆಗೆ ರೋಗ ತಂದವನು ನಾನು. ಕುದಿಸದ ಸೂಜಿಯಿಂದ. ರಜಾಕ್‌ನನ್ನ ಬಿಟ್ಟುಬಿಡಿ."

ಮೊದಲು ಮಾತಾಡಿದ್ದು ಲೋಕಪ್ಪ.

"ಸಾಹೇಬ್ರೇ, ಅದನ್ನ ಬರೀಬ್ಯಾಡ್ರಿ."

"ಲೋಕಪ್ಪ—"

"ಮೂವತ್ತು ವರ್ಷ ನಮ್ಮ ದನಕರ ಉಳಿಸಿದವ್ರು ಇವ್ರು. ಇವ್ರ ಹೆಸರು ಪೊಲೀಸ್ ಕಾಗದದಾಗೆ ಬರಬಾರ್ದು. ನಮ್ಮೂರಾಗೆ ಯಾರನ್ನ ಬೇಕಾದ್ರೂ ಕೇಳ್ರಿ. ಸೋಮವಾರ ಡಾಕ್ಟ್ರು ಬಂದೇ ಇಲ್ಲ ಅಂತಾರೆ." ಅವನು ಬಂದಳಿಕೆಯವರ ಕಡೆ ತಿರುಗಿದ. ಅರ್ಧ ಗಂಟೆಯ ಕೆಳಗೆ ಅವನನ್ನು ಹೊಡೆಯುವಂತೆ ನೋಡಿದ್ದ ಜನ ಈಗ ಹೌದೆಂದು ತಲೆಯಾಡಿಸಿದರು.

"ನಾನು ಬಂದಿದ್ದೆ ಲೋಕಪ್ಪ. ನೀನೇ ಕೋಳಿ ಹಿಡ್ಕೊಟ್ಟೆ."

"ನಿಮಗೆ ವಯಸ್ಸಾತು ಡಾಕ್ಟ್ರೇ. ದಿನ ಮರೆತೀರಿ."

ಅವನ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. ಆ ಪ್ರೀತಿಗಾಗಿಯೇ ಡಾಕ್ಟರು ರಿಟೈರಾದ ಮೇಲೂ ಊರೂರು ಅಲೆದಿದ್ದರು.

"ಹೂವಮ್ಮ, ನೀನು ಹೇಳು. ಈಗ ಹೇಳಿದ್ದನ್ನೇ ಹೇಳು."

ಹೂವಮ್ಮ ಊರಿನವರ ಮುಖ ನೋಡಿದಳು. ಆಮೇಲೆ ತನ್ನ ಕುರಿಗಳ ಕಡೆ ನೋಡಿದಳು.

"ನಾನು ಕುರಿ ಹಿಂದಿದ್ದೆ," ಎಂದಳು ಮೆಲ್ಲಗೆ. "ಯಾರು ಬಂದ್ರು, ಯಾರು ಹೋದ್ರು, ನಂಗೆ ಕಾಣ್ಲಿಲ್ಲ."

"ಬೇಡ. ಯಾರ ಮಾತೂ ಬೇಡ," ಎಂದರು ಡಾಕ್ಟರು. "ನನ್ನ ಡೈರಿಯಲ್ಲಿದೆ. ದಿನ, ಊರು, ಸಂಖ್ಯೆ, ಖಾಲಿ ಅಂಚು, ಎಲ್ಲ ಇದೆ."

ಬಂಡೆಯ ಮೇಲೆ ಏಳನೆಯ ಕೋಳಿ ಇತ್ತು, ಮೂರು ದಾರಗಳಿದ್ದವು, ಬ್ಲೇಡಿತ್ತು. ಡೈರಿ ಇರಲಿಲ್ಲ.

ಚೀಲ ಕೊಡವಿ ನೋಡಿದರು. ಬಂಡೆಯ ಸುತ್ತ ಬಗ್ಗಿ ನೋಡಿದರು. ಗಾಳಿ ತಿರುಗಿ ಹೊಂಡದ ಹೊಗೆ ಅವರ ಮುಖಕ್ಕೆ ಹೊಡೆಯಿತು. ಕಣ್ಣು ಉಜ್ಜಿಕೊಂಡು ಅತ್ತ ನಡೆದರು. ಉರಿಯುತ್ತಿದ್ದ ಪುಕ್ಕಗಳ ನಡುವೆ ನೀಲಿ ರಟ್ಟಿನ ಒಂದು ಮೂಲೆ ಇನ್ನೂ ಉಳಿದಿತ್ತು. ಅವರು ಬಗ್ಗುವಷ್ಟರಲ್ಲಿ ಅದೂ ಮುದುರಿ ಕಪ್ಪಾಯಿತು.

ಹಾಜಿರಾ ಬೀ ಊಟದ ಡಬ್ಬಿ ಹಿಡಿದುಕೊಂಡು ಅವರ ಪ‌ಕ್ಕ ಬಂದು ನಿಂತಿದ್ದಳು.

"ಡಾಕ್ಟರ್ ಸಾಬ್," ಎಂದಳು. "ನೀವು ಬಾಯಲ್ಲಿ ಹೇಳಿದ್ರಲ್ಲ. ಅಷ್ಟು ಸಾಲಲ್ವಾ?"

ಡಾಕ್ಟರು ಚಂದ್ರಶೇಖರಪ್ಪನವರ ಕಡೆ ತಿರುಗಿದರು. ಅವರು ತಲೆಯೆತ್ತದೆ ಪೆನ್ನಿಗೆ ಕ್ಯಾಪು ಹಾಕುತ್ತಿದ್ದರು.